ಅವನ ಪಾಲಿನ ಮಾತು

ಇವತ್ತು ಆ ಮಾತನ್ನು ಹೇಳುವುದಿಲ್ಲ ಎಂದು ಅವನು ಹಲ್ಲುಜ್ಜುವಾಗಲೇ ತೀರ್ಮಾನಿಸಿಬಿಟ್ಟಿದ್ದ. ತೀರ್ಮಾನ ಮಾಡಿದ ಮೇಲೆ ಮನಸ್ಸು ಹಗುರಾಗಬೇಕಿತ್ತು, ಆಗಲಿಲ್ಲ. ಬಾಯಿ ಮುಕ್ಕಳಿಸಿ ಉಗುಳಿ ಬಂದ ಮೇಲೂ ಅದು ಹಲ್ಲಿನ ಸಂದಿಯಲ್ಲಿ ಸಿಕ್ಕಿದ ನಾರಿನ ಹಾಗೆ ನಾಲಿಗೆಗೆ ತಡವುತ್ತಲೇ ಇತ್ತು. ಈಗ, ಬೆಳಗಿನ ಪಾಠಕ್ಕೆ ಬಂದ ಹೊಲಿಗೆ ಅಂಗಡಿಯ ಹೆಂಗಸಿನ ಪಕ್ಕದ ಸೀಟಿನಲ್ಲಿ, ಕಲಿಸುವವನಿಗೆಂದೇ ಜೋಡಿಸಿದ ಎರಡನೆಯ ಬ್ರೇಕಿನ ಮೇಲೆ ಪಾದ ಇಟ್ಟುಕೊಂಡು ಕೂತಿದ್ದಾಗಲೂ ತಡವುತ್ತಿತ್ತು. ಹೆಂಗಸು ಸ್ಟಿಯರಿಂಗನ್ನು ಯಾರೋ ಕಿತ್ತುಕೊಂಡು ಹೋಗುತ್ತಾರೇನೋ ಎಂಬಂತೆ ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದಿದ್ದಳು. ರಸ್ತೆ ದಾಟುವವರನ್ನು ಕಂಡರೆ ಗಾಜಿನ ಒಳಗಿನಿಂದಲೇ ಸಾರಿ ಸಾರಿ ಎನ್ನುತ್ತಿದ್ದಳು. ಬೇರೆ ದಿನವಾಗಿದ್ದರೆ ಅವನಿಗೆ ನಗು ಬರುತ್ತಿತ್ತು. ಇವತ್ತು ಅವಳು ಕನ್ನಡಿ ನೋಡದೆ ಗಾಡಿಯನ್ನು ಪಕ್ಕಕ್ಕೆ ಎಳೆದಾಗ ಅವನು ಬ್ರೇಕನ್ನು ಒದ್ದೇಬಿಟ್ಟ. ಇಬ್ಬರೂ ಮುಂದಕ್ಕೆ ಮುಗ್ಗರಿಸಿದರು. ಹಿಂದಿನ ಗಾಡಿಯವನು ಹಾರನ್ ಒತ್ತಿ ಹಿಡಿದ. "ಕನ್ನಡಿ ಇರೋದು ಮುಖ ನೋಡ್ಕೊಳ್ಳೋಕಾ?" ಎಂದು ಇವನು ಅವಳ ಮೇಲೆ ಕಿರುಚಿದ. ಕಿರುಚಿದ ಮೇಲೆ ಗೊತ್ತಾಯಿತು, ಅದು ಅಪ್ಪನ ಮಾತು. ಮಾತಷ್ಟೇ ಅಲ್ಲ, ಕೊನೆಯಲ್ಲಿ ದನಿಯನ್ನು ಏರಿಸಿ ಬಿಡುವ ರೀತಿಯೂ ಅಪ್ಪನದೇ. ಹೆಂಗಸಿನ ಕಿವಿ ಕೆಂಪಾಯಿತು. ಅವಳು ಗಾಡಿಯನ್ನು ಬದಿಗೆ ನಿಲ್ಲಿಸಿ, ತಲೆ ಎತ್ತದೆ, ತನ್ನ ಗಂಡ ಕಲಿತದ್ದು ದೊಡ್ಡವರ ಹತ್ತಿರವಂತೆ, ಅವರೂ ಬೈಯುತ್ತಿದ್ದರಂತೆ, ಆದರೆ ಅವರು ಬೈದರೆ ಕಲಿತುಬಿಡಬೇಕು ಅನ್ನಿಸುತ್ತಿತ್ತಂತೆ ಎಂದು ಮೆಲ್ಲಗೆ ಹೇಳಿದಳು. ತಾನು ಬೈದರೆ ಏನನ್ನಿಸುತ್ತದೆ ಎಂದು ಅವನು ಕೇಳಲಿಲ್ಲ. ಅವಳ ಕುತ್ತಿಗೆಯಲ್ಲಿ ತೆಗೆಯಲು ಮರೆತ ಅಳತೆಯ ಟೇಪು ಇನ್ನೂ ನೇತಾಡುತ್ತಿತ್ತು. ತಪ್ಪಾಯಿತು ಎನ್ನಬೇಕೆಂದು ಬಾಯಿ ತೆರೆದ. "ಗೇರ್ ಹಾಕಿ" ಎಂದ.

ದೊಡ್ಡವರು ಎಂದರೆ ಅಪ್ಪ. ಊರಿನ ಅರ್ಧ ಜನಕ್ಕೆ ಗಾಡಿ ಓಡಿಸಲು ಕಲಿಸಿದವರು. ವೈದ್ಯರು, ವಕೀಲರು, ಬ್ಯಾಂಕಿನವರು, ಎಲ್ಲರ ಮೊಣಕಾಲಿನ ಮೇಲೂ ಅಪ್ಪನ ಮರದ ಸ್ಕೇಲು ಒಂದಲ್ಲ ಒಂದು ದಿನ ಬಿದ್ದಿತ್ತು, ಮತ್ತು ಅದನ್ನು ಅವರೆಲ್ಲ ಪದಕ ಸಿಕ್ಕವರಂತೆ ಹೇಳಿಕೊಳ್ಳುತ್ತಿದ್ದರು. ಮುಂದೆ ನೋಡೋದನ್ನ ಕುದುರೇನೂ ಮಾಡುತ್ತೆ, ಹಿಂದೆ ನೋಡೋನು ಡ್ರೈವರು ಎನ್ನುವುದು ಅಪ್ಪನ ಮೊದಲ ದಿನದ ಪಾಠ. ಆ ಡ್ರೈವಿಂಗ್ ಶಾಲೆಯ ಬೋರ್ಡಿನ ಕೆಳಗೆ ಈಗ ಅಣ್ಣ ಕೂರುತ್ತಾನೆ, ಫ್ಯಾನಿನ ಕೆಳಗೆ, ಗಾಜಿನ ಮೇಜಿನ ಹಿಂದೆ. ಇವನು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಬೇರೆಯವರು ಓಡಿಸುವ ಗಾಡಿಯ ಪಕ್ಕದ ಸೀಟಿನಲ್ಲಿ ಕೂತು, ಬೇರೆಯವರ ತಪ್ಪಿಗೆ ಬ್ರೇಕು ಹಾಕುತ್ತಾನೆ. ಯಾರೂ ಅನ್ಯಾಯ ಮಾಡಿದ್ದಲ್ಲ. ಅಪ್ಪ ನಿವೃತ್ತಿಯಾದ ದಿನ, ನಿನಗೆ ಕಚೇರಿ ಕೆಲಸ ಒಗ್ಗುವುದಿಲ್ಲ ಪಾರ್ಸೆಲ್, ನೀನು ಹೊರಗೇ ಇರು ಎಂದು ಎಲ್ಲರೂ ಸೇರಿ ಹೇಳಿದ್ದರು, ಅವನೂ ನಕ್ಕು ತಲೆಯಾಡಿಸಿದ್ದ. ಪಾರ್ಸೆಲ್ ಎನ್ನುವುದು ಅವನಿಗೆ ಮನೆಯವರಿಟ್ಟ ಹೆಸರು. ನಲವತ್ತೈದು ದಾಟಿ, ಕಿವಿಯ ಮೇಲೆ ನರೆ ಬಂದು, ಮಗಳು ಎದೆಯೆತ್ತರಕ್ಕೆ ಬೆಳೆದರೂ ಅವನು ಪಾರ್ಸೆಲ್. ಎಲ್ಲೋ ಮರೆತು ಬಿಟ್ಟು ಬಂದು, ಆಮೇಲೆ ಹೋಗಿ ತಂದ ಸಾಮಾನು.

ಅಣ್ಣ ನಿನ್ನೆ ಫೋನು ಮಾಡಿದ್ದ. ಅಪ್ಪ ಅಮ್ಮನ ಮದುವೆಯ ಐವತ್ತನೆಯ ವರ್ಷ, ಹೋಟೆಲಿನ ಮೇಲಂತಸ್ತಿನ ಹಾಲ್ ಹಿಡಿದಿದ್ದೇನೆ, ಹೂವಿನವನಿಗೆ ಹೇಳಿಯಾಗಿದೆ, ವಿಡಿಯೋದವನೂ ಬರುತ್ತಾನೆ ಎಂದೆಲ್ಲ ಹೇಳಿ ಕೊನೆಗೆ ವಿಷಯಕ್ಕೆ ಬಂದ. ಈ ಸಲ ಎಲ್ಲ ರೆಕಾರ್ಡ್ ಆಗುತ್ತದೆ, ನೀನು ಯಾವಾಗಲೂ ನಿನ್ನ ಮಾತನ್ನು ನುಂಗಿಬಿಡುತ್ತೀಯ, ಮೈಕನ್ನು ಬಾಯಿಯ ಹತ್ತಿರ ಹಿಡಿದು ಸ್ಪಷ್ಟವಾಗಿ ಹೇಳು, ಅದೊಂದು ಮಾತಿನ ಮೇಲೆ ಇಡೀ ಕಥೆ ನಿಂತಿದೆ ಎಂದ. ಆಗಲಿ ಎಂದು ಇವನು ಫೋನಿಟ್ಟಿದ್ದ. ಹೆಂಡತಿ ಆಸ್ಪತ್ರೆಯ ಔಷಧಿ ವಿಭಾಗದಲ್ಲಿ ಕೆಲಸ ಮಾಡುವವಳು, ನಾಳೆ ತನಗೆ ಡ್ಯೂಟಿ ಇದೆ ಎಂದು ಮೊದಲೇ ಜಾರಿಕೊಂಡಿದ್ದಳು. "ಹಾಡಿದ್ದೇ ಹಾಡೋ ಕಿಸುಬಾಯಿ ದಾಸ. ನಿಮ್ಮ ಮನೆಯವರ ಆ ಕಥೆಗೆ ನಾನು ಇಪ್ಪತ್ತು ವರ್ಷ ನಕ್ಕಿದೀನಿ. ನನ್ನ ಪಾಲಿಂದು ಮುಗೀತು" ಎಂದು ಬಟ್ಟೆ ಮಡಿಸುತ್ತ ಹೇಳಿದ್ದಳು.

ಬೇರೆಯವರ ಮನೆಯ ಸಮಾರಂಭಗಳಲ್ಲಿ ಹಾಡುತ್ತಾರೆ, ಕುಣಿಯುತ್ತಾರೆ, ಏನೂ ಬಾರದವರು ಕುಡಿದು ಅಳುತ್ತಾರೆ. ಇವನ ಮನೆಯವರು ಕಥೆ ಹೇಳುತ್ತಾರೆ. ಒಂದೇ ಕಥೆ, ಪಾರ್ಸೆಲನ್ನು ಮರೆತು ಹೋದ ಕಥೆ. ಅಕ್ಕನ ಮದುವೆಯಲ್ಲಿ ಹೇಳಿದ್ದರು, ಅಣ್ಣ ಹೊಸ ಮನೆ ಕೊಂಡಾಗ ಹೇಳಿದ್ದರು, ಇವನ ಮದುವೆಯ ದಿನ ಹೆಂಡತಿಯ ಕಡೆಯವರನ್ನೆಲ್ಲ ಸುತ್ತ ಕೂರಿಸಿಕೊಂಡು ಹೇಳಿದ್ದರು. ಅದನ್ನು ಒಬ್ಬರೇ ಹೇಳುವಂತಿಲ್ಲ, ಒಬ್ಬೊಬ್ಬರಿಗೂ ಒಂದೊಂದು ಪಾಲು ಇದೆ. ಶುರು ಮಾಡುವುದು ಅಣ್ಣ. ಆಗ ಇವನಿಗೆ ಎಂಟು ವರ್ಷ, ಎಲ್ಲರೂ ಹೊಸ ಕಾರಿನಲ್ಲಿ ಪ್ರವಾಸ ಹೊರಟಿದ್ದರು, ಅಪ್ಪನ ತಂಗಿ ಅಂದರೆ ಅತ್ತೆ, ಅವಳ ಇಬ್ಬರು ಮಕ್ಕಳು, ಎಲ್ಲ ಹಿಂದಿನ ಸೀಟಿನಲ್ಲಿ ಉಪ್ಪಿನಕಾಯಿ ತುಂಬಿದ ಹಾಗೆ. ಹೆದ್ದಾರಿಯ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿದರು, ಹೊರಟರು. ಅಕ್ಕನ ಪಾಲು: ಇವತ್ತು ಯಾಕೋ ಕಾಲು ಚಾಚೋಕೆ ಜಾಗ ಇದೆಯಲ್ಲ ಅಂತ ನಾನಂದೆ. ಅಮ್ಮನ ಪಾಲು: ನಾನು ತಿರುಗಿ ತಲೆ ಎಣಿಸಿದೆ, ಸರಿಯಾಗಿತ್ತು, ಅತ್ತೆಯ ತಲೆಯನ್ನೂ ಮಕ್ಕಳ ಲೆಕ್ಕಕ್ಕೆ ಸೇರಿಸಿಬಿಟ್ಟಿದ್ದೆ. ಮತ್ತೆ ಅಣ್ಣ: ಪಾರ್ಸೆಲ್ಲಿನ ಪಾಲಿನ ಬಿಸ್ಕತ್ತು ಕೊಡೋಣ ಅಂತ ತಿರುಗಿದರೆ ಪಾರ್ಸೆಲ್ಲೇ ಇಲ್ಲ, ಮೊದಲು ಬಿಸ್ಕತ್ತು ತಿಂದೆ, ಆಮೇಲೆ ಹೇಳಿದೆ. ಅಪ್ಪನ ಪಾಲು ದೊಡ್ಡದು. ಬ್ರೇಕಿನ ಸದ್ದು, ಗಾಡಿ ತಿರುಗಿಸಿದ್ದು, ಅಂಥ ವೇಗದಲ್ಲಿ ಜೀವಮಾನದಲ್ಲೇ ಓಡಿಸಿಲ್ಲ ಎನ್ನುವುದು, ಅಮ್ಮ ದಾರಿಯುದ್ದಕ್ಕೂ ಅತ್ತದ್ದು. ಬಂಕಿಗೆ ಬಂದು ನೋಡಿದರೆ ಹುಡುಗ ಕಟ್ಟೆಯ ಮೇಲೆ ಕೂತು ಕಾಲಾಡಿಸುತ್ತಿದ್ದಾನೆ. ಅಲ್ಲಿಗೆ ಅಪ್ಪ ನಿಲ್ಲಿಸುತ್ತಾರೆ, ಎಲ್ಲರೂ ಇವನ ಕಡೆ ತಿರುಗುತ್ತಾರೆ, ಆಗ ಇವನು ಕಣ್ಣು ಅಗಲಿಸಿ ತನ್ನ ಪಾಲಿನ ಮಾತು ಹೇಳಬೇಕು: ಅಯ್ಯೋ, ನೀವು ಹೋಗಿದ್ರಾ? ನಂಗೆ ಗೊತ್ತೇ ಆಗ್ಲಿಲ್ಲ. ಪ್ರತಿ ಸಲವೂ ಜನ ಬಿದ್ದು ಬಿದ್ದು ನಗುತ್ತಾರೆ. ಒಂದು ಸಲವೂ ಅದು ತಪ್ಪಿದ್ದಿಲ್ಲ.

ಹುಡುಗ ಆ ಮಾತು ಹೇಳಿದ್ದು ನಿಜ. ಹೇಳಿದೊಡನೆ ಅಮ್ಮನ ಅಳು ನಿಂತು ನಗು ಬಂದದ್ದೂ ನಿಜ. ಅಪ್ಪ ಎಲ್ಲರಿಗಿಂತ ಜೋರಾಗಿ ನಕ್ಕು, ಇವನ ತಲೆಗೂದಲನ್ನು ಕೆದರಿ, ಅಲ್ಲಿಂದ ಹೊರಡುವಾಗ ಅಮ್ಮನನ್ನು ಹಿಂದೆ ಕಳಿಸಿ ಇವನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಅಣ್ಣನಿಗೆ ಅಲ್ಲಿಯವರೆಗೂ ಸಿಗದಿದ್ದ ಸೀಟು. ಇವನು ಇಡೀ ದಾರಿ ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದ. ಕಥೆಯಲ್ಲಿ ಇಲ್ಲದ್ದು ಬೇರೆ ಇದೆ. ಅವನು ಎರಡು ಸಲ ಹೊಟ್ಟೆ ತೊಳಸುತ್ತಿದೆ, ನಿಲ್ಲಿಸಿ ಎಂದದ್ದು ಕಥೆಯಲ್ಲಿಲ್ಲ. ಮೂರನೆಯ ಸಲ ಹೇಳಲು ಹೆದರಿ ಬಾಯಿಗೆ ಕೈ ಒತ್ತಿ ಹಿಡಿದದ್ದು, ಬೆರಳಿನ ಸಂದಿಯಿಂದ ಹೊಸ ಸೀಟಿನ ಮೇಲೆಲ್ಲ ಕಾರಿಕೊಂಡದ್ದು ಇಲ್ಲ. ಅಪ್ಪ ಬಂಕಿನಲ್ಲಿ ಒಂದೂ ಮಾತಾಡದೆ ಚೊಂಬಿನಲ್ಲಿ ನೀರು ತಂದು ಸೀಟು ತೊಳೆದು, ಒರೆಸಿ, ಕೈ ಮೂಸಿ ನೋಡಿಕೊಂಡು, ಇವನ ಕಿವಿಯ ಹತ್ತಿರ ಬಗ್ಗಿ, ಇನ್ನೊಂದು ಸಲ ಹೀಗಾದರೆ ಇಲ್ಲೇ ಬಿಟ್ಟು ಹೋಗುತ್ತೇನೆ ಎಂದದ್ದು ಯಾರ ಪಾಲಿಗೂ ಬಂದಿಲ್ಲ. ಅಂಗಿ ತೊಳೆದುಕೊಂಡು ಬಾ ಎಂದು ಅಪ್ಪನೇ ಕಳಿಸಿದ್ದು. ಕಥೆಯಲ್ಲಿ ಅವನು ಚಿಟ್ಟೆ ನೋಡುತ್ತ ಹೋದ ಎಂದಿದೆ. ಚಿಟ್ಟೆಯನ್ನು ಸೇರಿಸಿದ್ದು ಅಕ್ಕ. ನಲ್ಲಿಯ ಕೆಳಗೆ ಅಂಗಿ ಹಿಂಡಿಕೊಂಡು ಹೊರಗೆ ಬಂದಾಗ ಕಾರು ಚಲಿಸುತ್ತಿತ್ತು. ಅವನು ಓಡಿದ. ಒದ್ದೆ ಅಂಗಿ ಹೊಟ್ಟೆಗೆ ಅಂಟಿತ್ತು. ಓಡುತ್ತ ಓಡುತ್ತ ಅಪ್ಪನ ಕಡೆಯ ಕನ್ನಡಿಯಲ್ಲಿ ಎರಡು ಕಣ್ಣು ಕಂಡವು.

ಆ ಎರಡು ಕಣ್ಣನ್ನು ಅವನು ಇಷ್ಟು ವರ್ಷ ಎಲ್ಲಿಟ್ಟಿದ್ದನೋ. ಅವು ರಸ್ತೆ ನೋಡುತ್ತಿದ್ದವು, ಲಾರಿ ನೋಡುತ್ತಿದ್ದವು, ಗಾಬರಿಯಲ್ಲಿ ನನಗೆ ಹಾಗೆ ಕಂಡಿತು ಎಂದು ತನಗೆ ತಾನೇ ವಕಾಲತ್ತು ವಹಿಸಿಕೊಂಡು ಬಂದಿದ್ದ. ಹೋದ ಭಾನುವಾರ ಮಗಳಿಗೆ ಗಾಡಿ ಕಲಿಸಲು ಖಾಲಿ ಮೈದಾನಕ್ಕೆ ಕರೆದುಕೊಂಡು ಹೋಗಿದ್ದ. ಅವಳಿಗೆ ಹದಿನೆಂಟು ತುಂಬಿ ಒಂದು ತಿಂಗಳಾಗಿತ್ತು. ಅವಳನ್ನು ಓಡಿಸುವ ಸೀಟಿನಲ್ಲಿ ಕೂರಿಸಿ, ಕನ್ನಡಿ ಹೊಂದಿಸುವುದನ್ನು ತೋರಿಸಲು ತಾನು ಇಳಿದು, ಎಲ್ಲ ಹೊಸಬರಿಗೂ ಮಾಡುವಂತೆ ಗಾಡಿಯ ಹಿಂದೆ ಹತ್ತು ಹೆಜ್ಜೆ ಹೋಗಿ ನಿಂತು, ನನ್ನ ಕಣ್ಣು ಕಾಣುತ್ತಿದೆಯಾ ಎಂದು ಕೇಳಿದ. ಕಾಣುತ್ತಿದೆ ಎಂದು ಅವಳು ಕೂಗಿದಳು. "ನಿನ್ನ ಕಣ್ಣು ನಂಗೆ ಕಂಡ್ರೆ ನನ್ನ ಕಣ್ಣು ನಿಂಗೆ ಕಾಣ್ಲೇಬೇಕು. ಕನ್ನಡೀಲಿ ಒಬ್ರೇ ನೋಡೋಕೆ ಆಗಲ್ಲ" ಎಂದ. ಸಾವಿರ ಸಲ ಹೇಳಿದ ಮಾತು, ಅಪ್ಪನಿಂದ ಕಲಿತ ಮಾತು. ಹೇಳಿ ಮುಗಿಸುವಷ್ಟರಲ್ಲಿ ಅವನ ಕಾಲು ನೆಲಕ್ಕೆ ಅಂಟಿತು. ಅವಳ ಕಣ್ಣು ಕನ್ನಡಿಯಲ್ಲಿ ಅವನನ್ನೇ ನೋಡುತ್ತಿತ್ತು, ಮುಂದೇನು ಮಾಡಲಿ ಎಂದು ಕಾಯುತ್ತಿತ್ತು. ಅಂದು ಬಂಕಿನಲ್ಲಿ ಅಪ್ಪನ ಕಣ್ಣು ಇವನನ್ನು ನೋಡಿ, ನೋಡಿದ ಮೇಲೆ ತಿರುಗಿತ್ತು, ತಿರುಗಿದ ಮೇಲೆ ಗೇರು ಬದಲಾದ ಸದ್ದು ಕೇಳಿಸಿತ್ತು. ಎರಡರಿಂದ ಮೂರಕ್ಕೆ. ಎಂಟು ವರ್ಷದವನಿಗೆ ಅದು ಬರೀ ಸದ್ದು. ಇಪ್ಪತ್ತು ವರ್ಷ ಗೇರಿನ ಪಕ್ಕ ಕೂತವನಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪಾ, ಮುಂದೆ ಹೋಗ್ಲಾ ಎಂದು ಮಗಳು ಕೇಳುತ್ತಿದ್ದಳು. ಅವನಿಗೆ ಬಂದ ಸಿಟ್ಟು ಎಷ್ಟು ಬಿಸಿಯಾಗಿತ್ತೆಂದರೆ, ಬಿಸಿಲಿಗೆ ತಲೆ ಸುತ್ತುತ್ತಿದೆ ಎಂದು ಸುಳ್ಳು ಹೇಳಿ ಪಾಠ ನಿಲ್ಲಿಸಿದ.

ಇವತ್ತು ಮಧ್ಯಾಹ್ನ ಮಗಳನ್ನು ಕೂರಿಸಿಕೊಂಡು ಹೋಟೆಲಿಗೆ ಹೊರಟಾಗಲೂ ಆ ಸಿಟ್ಟು ಆರಿರಲಿಲ್ಲ. ವಾರವಿಡೀ ಅದು ಎಲ್ಲೆಲ್ಲೋ ಹರಿದಿತ್ತು, ಹಾಲಿನವನ ಮೇಲೆ, ಕೆಟ್ಟುಹೋದ ಲಿಫ್ಟಿನ ಮೇಲೆ, ಇವತ್ತು ಹೊಲಿಗೆಯ ಹೆಂಗಸಿನ ಮೇಲೆ. ಹೋಗಬೇಕಾದ ಕಡೆ ಮಾತ್ರ ಹೋಗಿರಲಿಲ್ಲ. ಎಪ್ಪತ್ತೆಂಟು ವರ್ಷದ ಮುದುಕನ ಮುಂದೆ, ಹೂವಿನ ನಡುವೆ, ಹೋಗಿ ಏನು ಕೇಳುವುದು? ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಆಮೇಲೆ ಬರುವುದಿಲ್ಲ ಎಂದು ಅವನಿಗೂ ಗೊತ್ತು. ಅದಕ್ಕೇ ಅವನು ಸಣ್ಣದೊಂದನ್ನು ಆರಿಸಿಕೊಂಡಿದ್ದ. ಏನೂ ಕೇಳುವುದಿಲ್ಲ, ಕೂಗುವುದಿಲ್ಲ. ತನ್ನ ಸರದಿ ಬಂದಾಗ ಬಾಯಿ ಬಿಡುವುದಿಲ್ಲ, ಅಷ್ಟೆ. ಅಷ್ಟು ಜನರ ಮುಂದೆ ಕಥೆ ಕೊನೆಯ ಮೆಟ್ಟಿಲಲ್ಲಿ ಎಡವಿ ಬೀಳಲಿ. ಅಪ್ಪ ಕಾಯಲಿ. ತನ್ನ ಕಡೆ ನೋಡುತ್ತ ಕಾಯಲಿ. ಇದನ್ನು ಯೋಚಿಸಿದಾಗ ಅವನಿಗೆ ಹೊಟ್ಟೆಯೊಳಗೆ ಖುಷಿಯಂಥದು ಏನೋ ಆಗುತ್ತಿತ್ತು, ಆ ಖುಷಿಗೆ ನಾಚಿಕೆಯೂ ಆಗುತ್ತಿತ್ತು. ಪಕ್ಕದಲ್ಲಿ ಮಗಳು ಅಜ್ಜ ಅಜ್ಜಿಗೆ ತಾನು ಚೌಕಟ್ಟು ಹಾಕಿಸಿದ ಫೋಟೋವನ್ನು ತೊಡೆಯ ಮೇಲೆ ಇಟ್ಟುಕೊಂಡು, ಸುತ್ತಿದ ಬಣ್ಣದ ಕಾಗದದ ಅಂಚನ್ನು ಉಗುರಿನಿಂದ ಒತ್ತುತ್ತಿದ್ದಳು. ಇವತ್ತು ಪಾರ್ಸೆಲ್ ಕಥೆ ಇದೆಯಲ್ಲ ಎಂದಳು. ದೊಡ್ಡಪ್ಪ ಬಿಸ್ಕತ್ತಿನ ಭಾಗವನ್ನು ಹೇಳುವುದು ಇತ್ತೀಚೆಗೆ ಉದ್ದವಾಗುತ್ತಿದೆ, ನೀನು ಹೇಳಿದರೇ ಚಂದ ಎಂದಳು. ಈ ಕಥೆಯನ್ನು ಅವಳಿಗೆ ಹೇಳಿದವನು ಅಪ್ಪನಲ್ಲ, ಅಣ್ಣನಲ್ಲ, ಅವನೇ. ಅವಳಿಗೆ ಮೂರು ನಾಲ್ಕು ವರ್ಷವಿದ್ದಾಗ ಊಟ ಮಾಡಿಸುತ್ತ, ಜ್ವರ ಬಂದಾಗ ಹಣೆ ಒತ್ತುತ್ತ, ಎಲ್ಲರ ದನಿಯನ್ನೂ ಅನುಕರಿಸಿ, ಬ್ರೇಕಿನ ಸದ್ದು ಮಾಡಿ, ಇನ್ನೊಂದು ಸಲ ಹೇಳು ಎಂದು ಅವಳು ಕುಣಿದಾಗ ಇನ್ನೊಂದು ಸಲ ಹೇಳಿ. ಚಿಟ್ಟೆಗೆ ಹಳದಿ ಬಣ್ಣ ಕೊಟ್ಟವನೂ ಅವನೇ. ಬೇರೆಯವರ ಮೇಲೆ ಏನು ಸಿಟ್ಟು ಮಾಡಿಕೊಳ್ಳುವುದು? ತನ್ನನ್ನು ತಾನೇ ಇಷ್ಟು ಚೆನ್ನಾಗಿ ಕಟ್ಟಿ ಕೊಟ್ಟವನ ಕೆನ್ನೆಗೆ ಮೊದಲು ಎರಡು ಬಾರಿಸಬೇಕು.

ಹಾಲಿನಲ್ಲಿ ಎಸಿ ಜೋರಾಗಿತ್ತು, ಎಲ್ಲರೂ ಅದಕ್ಕಿಂತ ಜೋರಾಗಿ ಮಾತಾಡುತ್ತಿದ್ದರು. ಬಂದವರಲ್ಲಿ ಮುಕ್ಕಾಲು ಜನ ಅಪ್ಪನ ಹಳೆಯ ಶಿಷ್ಯರು, ಒಬ್ಬೊಬ್ಬರೂ ಕೈ ಕುಲುಕಿ ಮೊಣಕಾಲು ಉಜ್ಜಿಕೊಂಡು ನಗುತ್ತಿದ್ದರು. ಅಪ್ಪ ಎತ್ತರದ ಬೆನ್ನಿನ ಕುರ್ಚಿಯಲ್ಲಿ, ಬಿಳಿ ಅಂಗಿಯ ಕತ್ತಿನ ಗುಂಡಿಯನ್ನೂ ಹಾಕಿಕೊಂಡು ಕೂತಿದ್ದರು. ತೆಳ್ಳಗಾಗಿದ್ದರು. ಗುಂಡಿ ಹಾಕಿಯೂ ಕುತ್ತಿಗೆಯ ಸುತ್ತ ಎರಡು ಬೆರಳು ತೂರುವಷ್ಟು ಜಾಗ ಇತ್ತು. ಅದನ್ನು ನೋಡಿ ಇವನ ಸಿಟ್ಟು ಒಂದು ಕ್ಷಣ ಕಾಲು ಜಾರಿತು. ಜಾರಿದ್ದಕ್ಕೇ ಮತ್ತೆ ಸಿಟ್ಟು ಬಂತು. ಮುದುಕರಾಗಿ ತಪ್ಪಿಸಿಕೊಳ್ಳುವುದು ಸುಲಭ. ಪಕ್ಕದಲ್ಲಿ ಅಮ್ಮ ಮಡಿಲಲ್ಲಿ ಹೂಗುಚ್ಛ ಇಟ್ಟುಕೊಂಡು, ಬಂದವರೆಲ್ಲ ಊಟ ಮಾಡಿ ಹೋಗಬೇಕು ಎಂದು ಹೇಳುತ್ತ, ಪ್ರತಿ ಮಾತಿಗೂ ಅಪ್ಪನ ಮುಖ ನೋಡಿ ಆಮೇಲೆ ನಗುತ್ತಿದ್ದಳು. ಐವತ್ತು ವರ್ಷದಿಂದ ಅವಳು ಹಾಗೆಯೇ, ಮೊದಲು ಅಪ್ಪನ ಕಡೆ ನೋಟ, ಆಮೇಲೆ ನಗು. ಇವನನ್ನು ಕಂಡು ಅಣ್ಣ ದೂರದಿಂದಲೇ ಬಂತು ಬಂತು ಪಾರ್ಸೆಲ್ ಬಂತು ಎಂದು ಕೂಗಿದ. ನಾಲ್ಕು ಜನ ತಿರುಗಿ ನಕ್ಕರು. ಅವರಲ್ಲಿ ಒಬ್ಬ ಯಾವುದೋ ಕಂಪನಿಯ ಮ್ಯಾನೇಜರು, ಓಹೋ ಇವರೇನಾ ಎಂದು ತನ್ನ ಹೆಂಡತಿಗೆ ತೋರಿಸಿದ, ಪ್ರದರ್ಶನಕ್ಕಿಟ್ಟ ವಸ್ತುವನ್ನು ತೋರಿಸುವ ಹಾಗೆ. ಇವನೂ ನಕ್ಕ. ಮುಖ ಅಭ್ಯಾಸಬಲದಿಂದ ನಗುತ್ತದೆ, ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.

ಕೇಕು ಕತ್ತರಿಸಿದರು. ಅಕ್ಕ ಬರೆದು ತಂದಿದ್ದನ್ನು ಓದಿದಳು. ನಮ್ಮ ಮನೆಯಲ್ಲಿ ಎಂದೂ ಯಾರೂ ದನಿ ಎತ್ತಿದ್ದಿಲ್ಲ, ಪ್ರೀತಿಯೇ ನಮ್ಮ ಆಸ್ತಿ ಎಂಬಲ್ಲಿ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಇವನು ಅವಳ ಮುಖವನ್ನೇ ನೋಡುತ್ತಿದ್ದ. ಅವಳು ಸುಳ್ಳು ಹೇಳುತ್ತಿರಲಿಲ್ಲ, ಅದೇ ಅವನಿಗೆ ತಡೆಯಲಾಗದ್ದು. ಅಪ್ಪ ಊಟದ ತಟ್ಟೆ ಎಸೆದ ದಿನ ಗೋಡೆ ಒರೆಸಿದವಳು ಅವಳೇ. ಒರೆಸಿದವರಿಗೆ ಕಲೆ ನೆನಪಿರುವುದಿಲ್ಲವೇನೋ. ಚಪ್ಪಾಳೆಯ ನಡುವೆ ಅಣ್ಣ ಮೈಕು ಹಿಡಿದು, ಈಗ ನೀವೆಲ್ಲ ಕಾಯುತ್ತಿದ್ದ ಕಾರ್ಯಕ್ರಮ ಎಂದ. ವಿಡಿಯೋದವನು ದೀಪವನ್ನು ಇವರ ಕಡೆ ತಿರುಗಿಸಿದ. ಹಿಂದಿನ ಸಾಲಿನಲ್ಲಿ ಯಾರೋ ಶಿಳ್ಳೆ ಹಾಕಿದರು. ಮೈಕು ಒಬ್ಬರಿಂದೊಬ್ಬರಿಗೆ ಹೋಗತೊಡಗಿತು. ಅಣ್ಣ ಉಪ್ಪಿನಕಾಯಿ ಜಾಡಿಯ ಹೋಲಿಕೆ ಹೇಳಿದ, ಅಕ್ಕ ಕಾಲು ಚಾಚಿ ತೋರಿಸಿದಳು, ಅಮ್ಮ ಬೆರಳು ಮಡಿಸಿ ತಲೆ ಎಣಿಸಿದಳು, ಅತ್ತೆಯ ತಲೆಯ ಮಾತಿಗೆ ಹಾಲ್ ಗೊಳ್ಳೆಂದಿತು. ಬಿಸ್ಕತ್ತು ನಿಜಕ್ಕೂ ಉದ್ದವಾಗಿತ್ತು. ಅಪ್ಪ ಮೈಕು ತೆಗೆದುಕೊಂಡರು, ದನಿ ಹಾಗೆಯೇ ಇತ್ತು, ಪಾಠ ಹೇಳುವ ದನಿ. ಬ್ರೇಕು, ತಿರುವು, ವೇಗ, ಅಮ್ಮನ ಅಳು. "ಬಂದು ನೋಡಿದ್ರೆ ಸಾಹೇಬ್ರು ಕಟ್ಟೆ ಮೇಲೆ ಕೂತು ಕಾಲಾಡಿಸ್ತಿದಾರೆ" ಎಂದು ನಿಲ್ಲಿಸಿ, ಮೈಕನ್ನು ಇವನ ಕೈಗೆ ದಾಟಿಸಿದರು.

ಅವನು ಮೈಕು ಹಿಡಿದುಕೊಂಡ. ಅಪ್ಪನ ಅಂಗೈಯ ಬಿಸಿ ಅದರ ಹಿಡಿಕೆಯಲ್ಲಿ ಇನ್ನೂ ಇತ್ತು. ಹಾಲಿನಲ್ಲಿದ್ದವರೆಲ್ಲ ಬಾಯಿಯನ್ನು ಅರ್ಧ ತೆರೆದು, ನಗಲು ತಯಾರಾಗಿ, ಇವನನ್ನೇ ನೋಡುತ್ತಿದ್ದರು. ಅವನು ಬಾಯಿ ಬಿಡಲಿಲ್ಲ. ಮೊದಲು ಜನ ಅದನ್ನು ನಾಟಕ ಅಂದುಕೊಂಡರು. ಅಣ್ಣ ಕಣ್ಣಿನಲ್ಲೇ ಹೇಳು ಎಂದ. ಆಮೇಲೆ ತುಟಿಯಲ್ಲಿ ಹೇಳು ಎಂದ. ಅಕ್ಕನ ನಗು ಮುಖದ ಮೇಲೆ ಹಾಗೆಯೇ ಉಳಿದು ಸ್ವಲ್ಪ ವಾರೆಯಾಯಿತು. ಎಸಿಯ ಸದ್ದು ಕೇಳಿಸಿತು. ಅವನಿಗೆ ಬೇಕಾಗಿದ್ದುದು ಇದೇ. ಅಪ್ಪ ಇವನ ಕಡೆ ತಿರುಗಿ ನೋಡುತ್ತಿದ್ದರು, ಹುಬ್ಬು ಸ್ವಲ್ಪ ಮೇಲೇರಿತ್ತು, ಕಾಯುತ್ತಿದ್ದರು. ಇನ್ನೂ ಸ್ವಲ್ಪ ಹೊತ್ತು, ಇನ್ನೂ ಸ್ವಲ್ಪ ಹೊತ್ತು ಎಂದು ಅವನು ಹಲ್ಲು ಕಚ್ಚಿ ನಿಂತ. ಆಗ ಎದುರಿನ ಮೇಜಿನಿಂದ ಮಗಳು ಎದ್ದು ನಿಂತು, ತನ್ನಪ್ಪನಿಗೆ ಗಂಟಲು ಕಟ್ಟಿದೆ ಎಂದುಕೊಂಡು, ಅವನನ್ನು ಕಾಪಾಡುವ ಪ್ರೀತಿಯಿಂದ, ಕಣ್ಣು ಅಗಲಿಸಿ, ಅವನು ಕಲಿಸಿಕೊಟ್ಟ ಹಾಗೆಯೇ ಕೂಗಿ ಹೇಳಿದಳು: "ಅಯ್ಯೋ, ನೀವು ಹೋಗಿದ್ರಾ? ನಂಗೆ ಗೊತ್ತೇ ಆಗ್ಲಿಲ್ಲ."

ಇಡೀ ಹಾಲ್ ಬಿದ್ದು ಬಿದ್ದು ನಕ್ಕಿತು. ಇಷ್ಟು ವರ್ಷಗಳಲ್ಲಿ ಆ ಮಾತಿಗೆ ಇಷ್ಟು ದೊಡ್ಡ ನಗು ಸಿಕ್ಕಿರಲಿಲ್ಲ. ತಲೆಮಾರಿನಿಂದ ತಲೆಮಾರಿಗೆ ಎಂದು ಯಾರೋ ಕೂಗಿದರು. ಅಣ್ಣ ಅವಳ ಕಡೆ ಕೈ ತೋರಿಸಿ ಚಪ್ಪಾಳೆ ಹೊಡೆಸಿದ. ಅವನು ನಿಂತೇ ಇದ್ದ, ಕಥೆ ಅವನಿಲ್ಲದೆ ಮುಗಿದುಹೋಗಿತ್ತು. ಅವನ ಮೌನವನ್ನೂ ಅವರು ಕಥೆಯ ಒಂದು ಭಾಗ ಮಾಡಿಕೊಂಡು ಮುಂದೆ ಹೋಗಿದ್ದರು. ಮಗಳು ಗೆದ್ದ ಮುಖ ಮಾಡಿಕೊಂಡು ಇವನ ಕಡೆ ಹೆಬ್ಬೆರಳು ತೋರಿಸುತ್ತಿದ್ದಳು. ಅವನ ಮೈಯೆಲ್ಲ ಉರಿಯಿತು. ಅವಳ ಮೇಲಲ್ಲ. ಅವಳ ಬಾಯಲ್ಲಿ ಆ ಮಾತನ್ನು ಕೇಳಿದ್ದಕ್ಕೆ ಉರಿಯಿತು, ಇನ್ನು ಅದು ಅವಳ ಪಾಲಾಗುತ್ತದೆ, ಅವಳು ಅದನ್ನು ತನ್ನ ಮಕ್ಕಳಿಗೆ ಉಣ್ಣಿಸುತ್ತ ಹೇಳುತ್ತಾಳೆ. ಮೈಕು ಇನ್ನೂ ಕೈಯಲ್ಲಿತ್ತು. "ನಂಗೆ ಗೊತ್ತಾಗಿತ್ತು" ಎಂದ. ಅದು ಅವನು ಎಣಿಸಿದ್ದಕ್ಕಿಂತ ಜೋರಾಗಿ ಹಾಲಿನ ಮೂಲೆಗಳಿಂದ ಕೇಳಿಸಿತು. ನಗು ಅಲ್ಲಲ್ಲಿ ಉಳಿದು ನಿಂತಿತು. "ನಾನು ಕಾರಿನ ಹಿಂದೆ ಓಡಿದ್ದೆ. ಅಪ್ಪ ಕನ್ನಡೀಲಿ ನನ್ನ ನೋಡಿದ್ರು. ನೋಡಿ, ಮೂರನೇ ಗೇರ್ ಹಾಕಿದ್ರು."

ವಿಡಿಯೋದವನು ಕ್ಯಾಮರಾದ ಹಿಂದಿನಿಂದ ತಲೆ ಈಚೆಗೆ ತಂದು ಅಣ್ಣನನ್ನು ನೋಡಿದ. ಅಣ್ಣ ಏನೋ ತಮಾಷೆ ಹುಡುಕುತ್ತಿದ್ದ, ಸಿಕ್ಕಿರಲಿಲ್ಲ. ಅಪ್ಪ ಕೈ ಚಾಚಿದರು. ಇವನು, ಇಷ್ಟು ವರ್ಷ ಅವರು ಕೇಳಿದ್ದನ್ನೆಲ್ಲ ಕೊಟ್ಟ ಅಭ್ಯಾಸದಲ್ಲಿ, ಮೈಕನ್ನು ಕೊಟ್ಟುಬಿಟ್ಟ. ಅಪ್ಪ ಅದನ್ನು ತುಟಿಯ ಹತ್ತಿರ ತಂದುಕೊಂಡು, ಇವನನ್ನಲ್ಲ, ಜನರನ್ನು ನೋಡುತ್ತ, ನಿಧಾನವಾಗಿ ಹೇಳಿದರು: "ನೋಡ್ದೆ. ಕನ್ನಡಿ ನೋಡದೆ ಗಾಡಿ ಓಡ್ಸಿದ್ದು ನಾನು ಯಾವತ್ತಾದ್ರೂ ಇದ್ಯಾ?"

ಅಪ್ಪ ಜನರ ಮುಖದ ಮೇಲೆ ಒಮ್ಮೆ ಕಣ್ಣಾಡಿಸಿದರು. ಆಮೇಲೆ ಶಿಷ್ಯರೆಲ್ಲ ಒಟ್ಟಿಗೆ ನಕ್ಕರು. ಮೇಜು ಗುದ್ದಿದರು. ವಕೀಲರೊಬ್ಬರು ಮೊಣಕಾಲು ತಟ್ಟಿಕೊಂಡು ಕಣ್ಣೊರೆಸಿಕೊಂಡರು. ಮ್ಯಾನೇಜರು ಅದನ್ನು ಹೆಂಡತಿಗೆ ಇನ್ನೊಂದು ಸಲ ಹೇಳಿದ. ಅಣ್ಣನ ಮುಖಕ್ಕೆ ರಕ್ತ ವಾಪಸು ಬಂತು. ಇಷ್ಟು ದಿನ ಇದನ್ನು ಯಾಕೆ ಬಚ್ಚಿಟ್ಟಿದ್ದಿರಿ, ಇನ್ನು ಮೇಲೆ ಇದೇ ಕೊನೆ ಎಂದು ಅವನು ಕೂಗುತ್ತಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ ಎನ್ನುತ್ತಾರೆ, ಇಲ್ಲಿ ಇಲಿಯ ಸಂಕಟಕ್ಕೂ ಬೆಕ್ಕೇ ಚಪ್ಪಾಳೆ ಗಿಟ್ಟಿಸಿತು. ಇವನು ಅಮ್ಮನನ್ನು ನೋಡಿದ. ಅಮ್ಮ ಈ ಸಲ ಅಪ್ಪನ ಮುಖ ನೋಡಿರಲಿಲ್ಲ. ಮಡಿಲಿನ ಹೂಗುಚ್ಛದಿಂದ ಬಾಡಿದ ಎಲೆಯೊಂದನ್ನು ಕಿತ್ತು, ಮಡಿಸಿ, ಇನ್ನೂ ಚಿಕ್ಕದಾಗಿ ಮಡಿಸುತ್ತಿದ್ದಳು. ಅವಳಿಗೆ ಆಶ್ಚರ್ಯವಾಗಿರಲಿಲ್ಲ. ಅವಳು ಅಂದೂ ಅಪ್ಪನ ಪಕ್ಕದಲ್ಲೇ ಕೂತಿದ್ದವಳು. ತಲೆ ಎಣಿಸಿದ್ದು, ಅತ್ತೆಯ ತಲೆ ಸೇರಿಸಿದ್ದು, ಅದೆಲ್ಲ ಆಮೇಲೆ ಕಟ್ಟಿದ್ದು. ಅವಳಿಗೆ ಮೊದಲಿನಿಂದಲೂ ಗೊತ್ತಿತ್ತು. ಅವಳ ಅಳು ನಿಲ್ಲಲಿ ಎಂದೇ ತಾನು ಆ ಮಾತು ಹೇಳಿದ್ದು ಎಂದು ಅವನು ಇಷ್ಟು ವರ್ಷ ನಂಬಿಕೊಂಡು ಬಂದಿದ್ದ. ಅವಳಿಗೆ ಕೇಳಿಸುವ ಹಾಗೆ ಏನಾದರೂ ಹೇಳಬೇಕೆಂದು ಹತ್ತಿರ ಹೋದ. ಅಮ್ಮ ತಲೆ ಎತ್ತದೆ, ಊಟ ತಣ್ಣಗಾಗುತ್ತೆ, ಹೋಗಿ ಬಡಿಸ್ಕೋ ಎಂದಳು.

ಅವನು ಹಾಲಿನಿಂದ ಹೊರಗೆ ಬಂದು ಕೈ ತೊಳೆಯುವ ಜಾಗದಲ್ಲಿ ನಿಂತ. ತಿಂದಿರಲಿಲ್ಲ, ಆದರೂ ನಲ್ಲಿ ಬಿಟ್ಟು ಕೈ ತೊಳೆದ. ಸೋಪು ಹಾಕಿ ಮತ್ತೆ ತೊಳೆದ. ಒಳಗೆ ಇನ್ನೂ ನಗುತ್ತಿದ್ದರು. ಒಳಗೆ ಹೋಗಿ ಆ ಮೇಜನ್ನು ಕೇಕಿನ ಸಮೇತ ತಲೆಕೆಳಗು ಮಾಡಬೇಕು ಅನ್ನಿಸಿತು. ಮಾಡಿದರೆ ಅದಕ್ಕೂ ನಗುತ್ತಾರೆ ಅನ್ನಿಸಿತು. ಬಾಗಿಲು ತೆರೆದು ಮಗಳು ಬಂದಳು. ಅವಳು ನಗುತ್ತಿರಲಿಲ್ಲ. ಗೋಡೆಗೆ ಒರಗಿ ಸ್ವಲ್ಪ ಹೊತ್ತು ಇವನು ಕೈ ತೊಳೆಯುವುದನ್ನೇ ನೋಡಿದಳು. ಆಮೇಲೆ ನಲ್ಲಿಯನ್ನು ತಾನೇ ನಿಲ್ಲಿಸಿದಳು. ಈ ಕಥೆಯನ್ನು ಕೇಳಿದವರು ನೂರಾರು ಜನ, ಅವರಲ್ಲಿ ಒಬ್ಬರೂ ಅವನನ್ನು ಎಂದೂ ಏನನ್ನೂ ಕೇಳಿರಲಿಲ್ಲ.

"ಎಷ್ಟು ದೂರ ಓಡ್ದೆ ಅಪ್ಪ?" ಎಂದಳು.

ಅವನು ಬೇಸಿನ್ನಿನ ಅಂಚು ಹಿಡಿದುಕೊಂಡ. "ಕಾರು ಕಾಣೋವರೆಗೂ" ಎಂದ.

"ಆಮೇಲೆ?"

ಕಥೆಯಲ್ಲಿ ಆಮೇಲೆ ನೇರ ಕಟ್ಟೆಯೇ ಬರುತ್ತಿತ್ತು. ಬಂಕಿನವನು ಏನೋ ಕೇಳಿದ್ದು, ಇವನು ಉತ್ತರ ಕೊಡದೆ ಕಟ್ಟೆ ಹತ್ತಿದ್ದು, ಅಂಗಿ ಮೈಮೇಲೇ ಒಣಗಿ ಗಟ್ಟಿಯಾದದ್ದು, ತುಟಿ ಅಲುಗುತ್ತಿದ್ದದ್ದು ಒಂದೊಂದಾಗಿ ಬಂದವು. ಹೇಳುವಾಗ ಅವನ ದನಿ ಸಣ್ಣದಾಯಿತು.

"ಆಮೇಲೆ ಅಲ್ಲೇ ಕೂತ್ಕೊಂಡು, ಅವರು ವಾಪಸ್ ಬಂದ್ರೆ ಏನು ಹೇಳ್ಬೇಕು ಅಂತ ಬಾಯಿಪಾಠ ಮಾಡ್ದೆ" ಎಂದ.